ನನ್ನ ತಲೆಗೆ ಸೊಸೆಯ ಬ್ಯಾಂಡೇಜು

ಕಳೆದ ಭಾನುವಾರ ಬೆಳಿಗ್ಗೆ ಮಲ್ಕಾಜ್‌ಗಿರಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ಸುದ್ದಿ ಮೆಟ್ಟಿಲು ಹತ್ತಿ ಇಳಿಯಿತು. ಏನಂತ? ಮೂರನೇ ಮಹಡಿಯ ಟೀಚರಮ್ಮನಿಗೆ ಸೊಸೆ ತಲೆ ಒಡೆಯುವ ಹಾಗೆ ಹೊಡೆದಿದ್ದಾಳೆ ಅಂತ.

ಟೀಚರಮ್ಮ ಅಂದರೆ ನಾನೇ. (ನಾನು ರಿಟೈರ್ ಆದರೂ ಹೆಸರು ಆಗಿಲ್ಲ.)

ತಲೆಯೇನೂ ಒಡೆದಿರಲಿಲ್ಲ. ಬ್ಯಾಂಡೇಜ್ ಇದ್ದದ್ದು ಮಾತ್ರ ನಿಜ. ಹುಬ್ಬಿನಿಂದ ಹಿಂದಲೆಯವರೆಗೆ ಬಿಳಿ ಟೊಪ್ಪಿಗೆಯ ಹಾಗೆ ಬಿಗಿಯಾಗಿ ಸುತ್ತಿದ್ದು. ಸಾಲದ್ದಕ್ಕೆ ಎಡಗೈ ಕೂಡ ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ತೂಗುತ್ತಿತ್ತು.

ನನ್ನ ಸೊಸೆ ಸವಿತಾ ನರ್ಸಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಮಂಗಳವಾರ ಪ್ರಾಕ್ಟಿಕಲ್ ಪರೀಕ್ಷೆ. ಬ್ಯಾಂಡೇಜ್ ಸುತ್ತಿ ಕಲಿಯಲು ಮನೆಯಲ್ಲಿ ಒಂದು ತಲೆ ಬೇಕಿತ್ತು.

"ಅತ್ತಿ, ನಿಮ್ಮ ತಲಿ ಭಾಳ ಛಲೋ ಐತ್ರಿ. ದುಂಡಗ ಐತಿ. ಬ್ಯಾಂಡೇಜ್ ಜಾರಂಗಿಲ್ಲ," ಎಂದಳು.

ನನ್ನ ಯಜಮಾನರು ಇಷ್ಟು ವರ್ಷದ ಸಂಸಾರದಲ್ಲಿ ನನ್ನ ತಲೆಯ ಬಗ್ಗೆ ಆಡಿದ ಮಾತುಗಳೇ ಬೇರೆ. ಹೊಗಳಿದರೆ ಯಾರು ತಾನೇ ಕರಗುವುದಿಲ್ಲ? ಕೂತೆ.

ಈ ಹುಡುಗಿ ಗುಲ್ಬರ್ಗಾ ಕಡೆಯವಳು. ಮದುವೆಯ ಮಾತುಕತೆಯಲ್ಲೇ "ಓದು ಮುಗಸ್ತೀನ್ರಿ" ಎಂದು ನೇರವಾಗಿ ಹೇಳಿದವಳು. ನಾವೂ ಹೂಂ ಅಂದೆವು. ಹೂಂ ಅನ್ನುವುದಕ್ಕೇನು ಕಷ್ಟ?

ಕಷ್ಟ ಆಮೇಲೆ ಗೊತ್ತಾಗುತ್ತದೆ. ಯುಗಾದಿಯ ದಿನ ಅವಳಿಗೆ ವಾರ್ಡ್ ಡ್ಯೂಟಿ. ಹೋಳಿಗೆಯನ್ನು ನಾನೊಬ್ಬಳೇ ಬೇಯಿಸಿದೆ, ಹೊಟ್ಟೆಯೊಳಗೆ ಸಿಟ್ಟನ್ನೂ. ನನ್ನ ತಂಗಿಯ ಮಗಳ ಮದುವೆಯಲ್ಲಿ ಆರತಿ ತಟ್ಟೆ ಹಿಡಿದು ನಿಂತಲ್ಲೇ ತೂಕಡಿಸಿದಳು. ನನ್ನ ಮಗ ಪ್ರಕಾಶ ರೈಲ್ವೆ ಸಿಗ್ನಲ್ ಕೆಲಸದವನು. ಗಂಡ ಹೆಂಡತಿ ವಾರದಲ್ಲಿ ಮೂರು ದಿನ ಭೇಟಿಯಾಗುವುದು ಮಲ್ಕಾಜ್‌ಗಿರಿ ಸ್ಟೇಷನ್ನಿನಲ್ಲಿ. ಅವನು ಡ್ಯೂಟಿ ಮುಗಿಸಿ ಇಳಿಯುತ್ತಾನೆ, ಇವಳು ಡ್ಯೂಟಿಗೆಂದು ಹತ್ತುತ್ತಾಳೆ. ನಡುವೆ ಒಂದು ಟಿಫಿನ್ ಡಬ್ಬಿ ಕೈ ಬದಲಾಗುತ್ತದೆ. ಅದೇ ಅವರ ಹನಿಮೂನು.

ಹೀಗಿರುವಾಗ ನಾನೊಂದು ಉಪಕಾರ ಮಾಡಲು ಹೊರಟೆ. (ಅತ್ತೆಯಂದಿರ ಉಪಕಾರ ಎಂಥದ್ದು ಅಂತ ನಿಮಗೆ ಗೊತ್ತೇ ಇದೆ.)

ಹಿಮಾಯತ್‌ನಗರದಲ್ಲಿ ಈಗ ಸೀರೆ ಅಂಗಡಿಗಿಂತ ಕಂಪ್ಯೂಟರ್ ಕ್ಲಾಸಿನ ಬೋರ್ಡುಗಳೇ ಹೆಚ್ಚು. ಅಲ್ಲಿಂದಲೇ ಒಂದು ಫಾರಂ ತಂದೆ. ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಅಂತೆ. ಅಮೆರಿಕದ ಡಾಕ್ಟರು ರೋಗಿಯ ವಿವರ ಹೇಳಿ ರೆಕಾರ್ಡ್ ಮಾಡಿ ಕಳಿಸುತ್ತಾರೆ, ನಮ್ಮ ಹುಡುಗಿಯರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಟೈಪ್ ಮಾಡುತ್ತಾರೆ. ಎಸಿ ರೂಮು. ಮನೆಯ ಗೇಟಿಗೇ ಬಂದು ಹಾರ್ನ್ ಹೊಡೆಯುವ ಬಿಳಿ ಸುಮೋ. ಸವಿತಾ ನನ್ನ ಮಾತಿಗೆ ಟೆಸ್ಟ್ ಬರೆದಳು. ಪಾಸಾದಳು. ಸೋಮವಾರ ಬೆಳಿಗ್ಗೆ ಸೇರಬೇಕು. ಸೇರಿದರೆ ನರ್ಸಿಂಗ್ ಅಲ್ಲಿಗೇ ನಿಂತಂತೆ.

"ಐತವಾರ ಸಂಜೀತನಾ ಟೈಮ್ ಕೊಡ್ರಿ ಅತ್ತಿ. ವಿಚಾರ ಮಾಡ್ತೀನಿ," ಅಂದಿದ್ದಳು.

ಸೋಮವಾರ ನೌಕರಿ, ಮಂಗಳವಾರ ಪರೀಕ್ಷೆ. ಹುಡುಗಿ ಎರಡಕ್ಕೂ ತಯಾರಾಗುತ್ತಿದ್ದಳು. ನಾನು ಸುಮೋದ ಕನಸಿನಲ್ಲಿ ತಲೆ ಕೊಟ್ಟು ಕೂತಿದ್ದೆ.

ಆಗ ಬೆಲ್ ಆಯಿತು. ತಲೆಯ ಮೇಲೆ ಏನಿದೆ ಎಂಬುದನ್ನೇ ಮರೆತು ಹೋಗಿ ಬಾಗಿಲು ತೆಗೆದೆ. ಪಕ್ಕದ ಮನೆಯ ಪದ್ಮಾ ಕರಿಬೇವು ಕೇಳಲು ಬಂದಿದ್ದಳು.

"ಅಯ್ಯೋ ವದಿನಾ! ಏಮೈಂದಿ?" ಎಂದು ತೆಲುಗಿನಲ್ಲಿ ಕಿರುಚಿದಳು. ಅತ್ತಿಗೆಗೆ ಏನಾಯಿತು ಎಂದು ಕೇಳಿದವಳಿಗೆ ಉತ್ತರ ಕೇಳುವಷ್ಟು ಪುರಸೊತ್ತು ಬೇಡವೇ? ನನ್ನ ಬೆನ್ನ ಹಿಂದೆ ಕೈಯಲ್ಲಿ ಕತ್ತರಿ ಹಿಡಿದು ನಿಂತ ಸವಿತಾಳನ್ನು ನೋಡಿದ್ದೇ ತಡ, ಮೆಟ್ಟಿಲ ಕಡೆ ಓಡಿದಳು.

ಹತ್ತು ನಿಮಿಷದಲ್ಲಿ ಹಾಲ್ ತುಂಬಿತು. ಎಳನೀರು ಬಂತು, ಬ್ರೆಡ್ ಬಂತು, ಮೂಸಂಬಿ ಬಂತು. "ಪ್ರಾಕ್ಟೀಸ್ ರೀ, ಬರೀ ಪ್ರಾಕ್ಟೀಸ್!" ಎಂದು ನಾನು ಕೂಗಿದೆ. ತಲೆಗೆ ಪೆಟ್ಟು ಬಿದ್ದವಳ ಮಾತನ್ನು ಯಾರು ನಂಬುತ್ತಾರೆ?

ಕೊನೆಗೆ ಕೆಳಗಿನ ಮನೆಯ ಕಮಲಾಬಾಯಿ ಏದುಸಿರು ಬಿಡುತ್ತ ಬಂದರು. ಎಪ್ಪತ್ತು ದಾಟಿದವರು, ನಮಗೆಲ್ಲ ಆಯಿ. "ನರ್ಸ್ ಸೊಸಿ ಯಾಕ ಬೇಕವಾ? ಮಂದಿ ಮೈ ಮುಟ್ಟೋ ಕೆಲಸ," ಎಂದು ಮದುವೆಯ ಚಪ್ಪರದಲ್ಲೇ ನನ್ನ ಕಿವಿ ಕಚ್ಚಿದವರು.

"ಏನ ಹುಡುಗಿ, ಅತ್ತಿ ಮ್ಯಾಲೆ ಕೈ ಮಾಡ್ತಿಯೇನು?" ಎಂದು ಗದರಿದರು.

ಸವಿತಾ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಬ್ಯಾಂಡೇಜನ್ನು ಸುತ್ತು ಸುತ್ತಾಗಿ ಬಿಚ್ಚತೊಡಗಿದಳು. ಎಲ್ಲರೂ ರಕ್ತ ನೋಡಲು ಬಗ್ಗಿದರು. ಕಂಡದ್ದು ನನ್ನ ನರೆಗೂದಲು, ಹಿಂದಿನ ದಿನ ಹಚ್ಚಿದ ಕೊಬ್ಬರಿ ಎಣ್ಣೆ. ಮೊದಲು ನಕ್ಕವಳು ಪದ್ಮಾ. ಆಮೇಲೆ ಇಡೀ ಹಾಲ್. ನಾನಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಮೂಸಂಬಿಯನ್ನು ಅಲ್ಲೇ ಸುಲಿದು ಹಂಚಿದೆವು.

ಎಲ್ಲರೂ ಎದ್ದು ಹೊರಟರು. ಆಯಿ ಮಾತ್ರ ಏಳಲಿಲ್ಲ. ಸೀರೆಯ ಅಂಚನ್ನು ಸ್ವಲ್ಪ ಸರಿಸಿ ಕಾಲ್ಬೆರಳಿನ ಗಾಯ ತೋರಿಸಿ, "ಚಪ್ಲಿ ಕಚ್ಚೈತವಾ. ಟೂತ್‌ಪೇಸ್ಟ್ ಹಚ್ಚೀನಿ. ಮಗಗ ಹೇಳಬ್ಯಾಡ್ರಿ, ಭಜನೀಗೆ ಹೋಗಗೊಡಂಗಿಲ್ಲ," ಎಂದರು.

ಸವಿತಾ ನೆಲದ ಮೇಲೆ ಕೂತು ಆ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಬೆರಳಿನ ಪಕ್ಕ ಮುಟ್ಟಿ, "ಗೊತ್ತಾಗ್ತೈತೇನ್ರಿ ಆಯಿ?" ಎಂದು ಕೇಳಿದಳು.

"ಇಲ್ಲಲ್ಲವಾ. ನೋವ ಇಲ್ಲ ನೋಡು," ಎಂದು ಆಯಿ ಹೆಮ್ಮೆಯಿಂದ ಹೇಳಿದರು.

ಸವಿತಾಳ ಮುಖ ಗಂಭೀರವಾಯಿತು. ಅವರಿಗೆ ಸಕ್ಕರೆ ಕಾಯಿಲೆ. ನೋವಿಲ್ಲದಿರುವುದೇ ಹೆದರಬೇಕಾದ ಸಂಗತಿ ಎಂದು ಮೆಲ್ಲಗೆ ತಿಳಿಸಿ ಹೇಳಿದಳು. ಕಾಯಿಸಿ ಆರಿಸಿದ ನೀರಿನಲ್ಲಿ ಪೇಸ್ಟ್ ತೊಳೆದು ಹೊಸ ಗಾಜ್ ಬಟ್ಟೆ ಇಟ್ಟು ಕಟ್ಟಿದಳು. ನನ್ನ ತಲೆಯ ಮೇಲೆ ತಡವರಿಸಿದ್ದ ಬೆರಳುಗಳು ಅಲ್ಲಿ ಒಮ್ಮೆಯೂ ತಡವರಿಸಲಿಲ್ಲ.

"ಇದನ್ನ ಡಾಕ್ಟರ್ ನೋಡಬೇಕ್ರಿ. ನಾಳೆ ಮುಂಜಾನೆ ನನ್ನ ಜೋಡಿ ನಮ್ಮ ಹಾಸ್ಪಿಟಲ್‌ಗೆ ಬರ್ರಿ. ನಿಮ್ಮ ಮಗಗ ನಾನ ಹೇಳ್ತೀನಿ."

"ನಾಳೆ ಸೋಮವಾರ ಅಲ್ಲೇನವಾ?" ಎಂದೆ ನಾನು.

"ಹೌದ್ರಿ ಅತ್ತಿ. ಸೋಮವಾರ."

ಅಷ್ಟೇ. ಸಂಜೆಯವರೆಗೆ ಕಾಯುವ ಅಗತ್ಯವೇ ಬೀಳಲಿಲ್ಲ.

ಆಯಿ ಹೋದ ಮೇಲೆ ಸವಿತಾ ಅಡುಗೆಮನೆಗೆ ಬಂದು ಹಿಟ್ಟು ಕಲಸುತ್ತ ಹೇಳಿದಳು: "ಸಿಟ್ಟ ಮಾಡ್ಕೋಬ್ಯಾಡ್ರಿ. ಆ ಟೆಸ್ಟಿನ್ಯಾಗ ಒಂದು ಟೇಪ್ ಹಾಕಿದ್ರು. ಯಾವುದೋ ಮುದುಕಿ ಕಾಲಿನ ಗಾಯದ್ದು. ಟೈಪ್ ಮಾಡಿದೆ, ಮುಗೀತು. ಆಮ್ಯಾಲೆ ಆಕಿಗೆ ಏನಾತ್ರಿ? ಯಾರಿಗ್ಗೊತ್ತು? ಅವತ್ತಿನಿಂದ ಅದ ತಲ್ಯಾಗ ಕೊರ್ಯಾಕತ್ತೈತಿ."

ನನಗೆ ಸಿಟ್ಟು ಬಂತೇ? ಬಂತು, ನನ್ನ ಮೇಲೆ. ಆ ಫಾರಂ ಅವಳ ನಿದ್ದೆಗಾಗಿ ತಂದದ್ದು ಎಂದು ನನಗೇ ನಾನು ಸುಳ್ಳು ಹೇಳಿಕೊಂಡಿದ್ದೆ. ನಿಜ ಬೇರೆಯೇ ಇತ್ತು. "ಸೊಸೆ ಏನು ಮಾಡ್ತಾಳೆ?" ಎಂದು ಯಾರಾದರೂ ಕೇಳಿದರೆ "ಏನೋ ಓದ್ತಿದ್ದಾಳೆ" ಎಂದು ಮಾತು ತೇಲಿಸುತ್ತಿದ್ದೆ. ಆಸ್ಪತ್ರೆಯ ಮಂಚದ ಮೇಲೆ ಮಲಗಿದಾಗ ಒಳ್ಳೆಯ ನರ್ಸ್ ಬೇಕು. ನೆಂಟರ ಮುಂದೆ ಮಾತ್ರ ಬೇಡ. ಇದೆಂಥ ನ್ಯಾಯ?

"ಮುಂದಿನ ಯುಗಾದಿಗೂ ಡ್ಯೂಟಿ ಇದ್ರ ಹೋಗು. ಹೋಳಿಗಿ ಡಬ್ಬಿ ನಾನ ಸ್ಟೇಷನ್ನಿಗೆ ತಂದು ಕೊಡ್ತೀನಿ," ಎಂದೆ. ಹುಡುಗಿ ಹಿಟ್ಟಿನ ಕೈಯಲ್ಲೇ ನನ್ನನ್ನು ತಬ್ಬಿಕೊಂಡಳು. ಸೀರೆ ಹಾಳಾಯಿತು. ಆಗಲಿ ಬಿಡಿ.

ಸೋಮವಾರ ಬೆಳಿಗ್ಗೆ ಗೇಟಿಗೆ ಸುಮೋ ಬರಲಿಲ್ಲ. ಬಿಳಿ ಯೂನಿಫಾರ್ಮಿನ ನನ್ನ ಸೊಸೆ ಆಯಿಯ ಕೈ ಹಿಡಿದು ಆಟೋ ಹತ್ತಿಸಿದಳು. ಸರಿಯಾದ ಹೊತ್ತಿಗೆ ಕರೆತಂದಿರಿ, ಬೆರಳು ಉಳಿಯಿತು ಎಂದರಂತೆ ಡಾಕ್ಟರು. ಮಂಗಳವಾರದ ಪ್ರಾಕ್ಟಿಕಲ್ಲೂ ಚೆನ್ನಾಗಿಯೇ ಆಯಿತು.

ನಿನ್ನೆ ಆಯಿ ಕುಂಟುತ್ತ ಮೇಲೆ ಬಂದರು. ಅತ್ತ ಇತ್ತ ನೋಡಿ ದನಿ ತಗ್ಗಿಸಿದರು: "ಸವಿತಾನ ಕ್ಲಾಸಿನ್ಯಾಗ ಇಂಥಾಕಿ ಇನ್ನೊಬ್ಬಾಕಿ ಅದಾಳೇನವಾ? ನನ್ನ ಮೊಮ್ಮಗಗ ಕನ್ಯಾ ನೋಡಾಕತ್ತೀವಿ."

ನಾನು ಬಿಡುತ್ತೇನೆಯೇ?

"ಇರಬಹುದ್ರಿ ಆಯಿ. ಮೊದಲು ಹುಡುಗನ ಅವ್ವನ ತಲಿ ನೋಡಬೇಕು. ದುಂಡಗ ಐತೇನು?"