ಅಪ್ಪನ ಮಾವಿನ ಕಾಫಿ

ಸಕ್ಕರೆ ಕಾಯಿಲೆ ಬಂದ ಮೇಲೆ ಅಪ್ಪನಿಗೆ ಮಾವಿನ ಹಣ್ಣು ಬಂದ್ ಆಯಿತು. ಡಾಕ್ಟರು ಹೇಳಿದ್ದು ಕಡಿಮೆ ತಿನ್ನಿ ಎಂದು. ಅವ್ವ ಅದನ್ನು "ಮುಟ್ಟಬ್ಯಾಡ್ರಿ" ಎಂದು ತಿದ್ದುಪಡಿ ಮಾಡಿ ಜಾರಿಗೆ ತಂದಳು. ಕುಷ್ಟಗಿ ರಸ್ತೆಯ ನಮ್ಮ ತೋಟದಲ್ಲಿ ಕೇಸರ್ ಮಾವಿನ ಗಿಡಗಳನ್ನೆಲ್ಲ ನೆಟ್ಟವನೇ ಅಪ್ಪ. ಬಂದವರಿಗೆಂದು ಇಟ್ಟ ಬುಟ್ಟಿಯ ಹತ್ತಿರ ಅವನು ಸುಳಿದರೆ ಸಾಕು, ಅವ್ವ ಅಡುಗೆಮನೆಯಿಂದಲೇ ಕೆಮ್ಮುತ್ತಿದ್ದಳು.

ಹಿಂದಿನ ವರ್ಷ ಚಿಕ್ಕಮಗಳೂರಿನ ಕಾಫಿ ಬೆಳೆಗಾರರೊಬ್ಬರು ನಮ್ಮ ಹಣ್ಣು ಒಯ್ದಿದ್ದರು. ಅದರ ತಿರುಳನ್ನು ಕಾಯ್ದಿಟ್ಟು, ಕಾಫಿ ಬೀಜದ ಜೊತೆ ಮುಚ್ಚಿದ ಡ್ರಮ್ಮಿನಲ್ಲಿ ಹುದುಗಿಸಿ, ಒಣಗಿಸಿ, ಹುರಿದು ಪುಡಿ ಮಾಡಿ ಈ ಬೇಸಿಗೆಗೆ ಒಂದು ಪೊಟ್ಟಣ ಕಳಿಸಿದರು. ಹಾಲು, ಸಕ್ಕರೆ ಹಾಕದೆ ಕುಡಿದರೆ ಹಣ್ಣಿನ ಘಮ ಸಿಗುತ್ತದೆ ಎಂದು ಫೋನಿನಲ್ಲಿ ಹೇಳಿದಾಗ ನಾನು ಕುಣಿಯುವುದೊಂದು ಬಾಕಿ. ಅಪ್ಪನಿಗೆ ಅಂತೂ ಮಾವು ಸಿಕ್ಕಿತಲ್ಲ!

"ಕೊಳಿಸಿದ್ದನ್ನ ಕುಡಸ್ತಿಯೇನು ನಿಮ್ಮಪ್ಪಗ?" ಎಂದಳು ಅವ್ವ.

"ನಿನ್ನ ದ್ವಾಸಿ ಹಿಟ್ಟು ರಾತ್ರಿಯೆಲ್ಲಾ ಏನ್ ಮಾಡ್ತೈತಿ ಮತ್ತ?" ಎಂದೆ. ಅವಳು ಅಡುಗೆಮನೆಗೆ ಓಡಿದಳು. ಸೋತದ್ದಕ್ಕಲ್ಲ, ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು.

ಅಪ್ಪ ಒಂದು ಗುಟುಕು ಕುಡಿದ. ಜೀವಮಾನವೆಲ್ಲ ಚಹಾ ಕುಡಿದ ಮುಖ ಮುದುಡಿತು. "ವಾಸನಿ ಮಾವಿಂದೈತಿ, ಬಾಯಾಗ ಕಷಾಯ ಐತಿ" ಎಂದ. ಆದರೆ ಮರುದಿನ ತಾನೇ ಕೇಳಿ, ಥರ್ಮಾಸಿಗೆ ತುಂಬಿಸಿಕೊಂಡು ತೋಟಕ್ಕೆ ಹೋದ. ಸಂಜೆ ಬಂದಾಗ ಅವ್ವ ಮೂಗು ಅರಳಿಸಿದಳು.

"ಮಾವಿನ ವಾಸನಿ ಬರಾಕತ್ತೈತಲ್ರಿ?"

"ಮಗಳು ಕೊಟ್ಟ ಕಾಫೀದು" ಎಂದು ಅಪ್ಪ ಎದೆಯುಬ್ಬಿಸಿದ. ನಾನೂ ಉಬ್ಬಿದೆ. ಓಣಿಯಲ್ಲಿ ಸಿಕ್ಕವರಿಗೆಲ್ಲ ಕಾಫಿಯ ಮಹಿಮೆ ಕೊರೆದೆ. ಥರ್ಮಾಸು ದಿನಾ ತೋಟಕ್ಕೆ ಹೋಗತೊಡಗಿತು.

ಕೊಪ್ಪಳದಲ್ಲಿ ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಅಟ್ಟ ಹತ್ತಿ ಕೂತಿತ್ತು. ಅವ್ವ ನನ್ನ ಮೇಲೆ ಹರಿಹಾಯ್ದಳು. "ನಿನ್ನ ಕಾಫಿ ನನ್ನ ಗಂಡನ್ನ ನುಂಗಾಕ ಬಂದೈತಿ!" ನನಗೂ ಸಿಟ್ಟು ನೆತ್ತಿಗೇರಿತು. ಆ ಕಾಫಿಯ ಮಾನ ಉಳಿಸಲೇಬೇಕು, ಅಪ್ಪ ಅದಕ್ಕೆ ಬೆಲ್ಲಗಿಲ್ಲ ಹಾಕಿಕೊಳ್ಳುತ್ತಾನೋ ನೋಡಿಯೇ ಬಿಡೋಣ ಎಂದು ತೋಟಕ್ಕೆ ಹೋದೆ.

ಅಪ್ಪ ಗಿಡದ ಬುಡದಲ್ಲಿ ಕೂತು, ಮೊಣಕೈತನಕ ರಸ ಇಳಿಸಿಕೊಂಡು ಮಾವಿನ ವಾಟೆ ಚೀಪುತ್ತಿದ್ದ. ಪಕ್ಕದಲ್ಲಿ ಥರ್ಮಾಸು, ತುಂಬಿದ್ದು ತುಂಬಿದಂತೆ. ವಾಸನೆ ಹಣ್ಣಿನದು, ಹೆಸರು ಕಾಫಿಯದು! ನನ್ನನ್ನು ಕಂಡು, "ಕಾಫಿ ಭಾಳ ಛಲೋ ಐತವಾ" ಎಂದ.

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಹೇಳಿದ: "ಗಿಡಾ ಹಚ್ಚಿದಾವ ನಾನು. ಹಣ್ಣು ಹೆಂಗದಾವಂತ ಸಂತ್ಯಾಗ ಮಂದೀನ ಕೇಳ್ಬೇಕೇನು?"

ನನ್ನ ಸಿಟ್ಟು ಅಲ್ಲೇ ಇಳಿಯಿತು. ಪಾಪ ಅನಿಸಿತು.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ, ಅದಕ್ಕೇ ಹೆದರಿಕೆಯಾಯಿತು. ಸಂಜೆ ಅಪ್ಪ ಬಂದೊಡನೆ ಬುಟ್ಟಿಯಿಂದ ಒಂದು ಹಣ್ಣು ತೆಗೆದು, ಎರಡು ಹೋಳು ಹೆಚ್ಚಿ, ಅಪ್ಪನ ಮುಂದೆ ತಟ್ಟೆ ಇಟ್ಟಳು. "ಡಾಕ್ಟರು ಕಡಿಮಿ ಅಂದಾರ. ಇದು ಕಡಿಮಿ. ಕದ್ದು ತಿನ್ನಬ್ಯಾಡ್ರಿ, ನನ್ನ ಮುಂದ ತಿನ್ರಿ."

ಅಪ್ಪ ಒಂದು ಹೋಳನ್ನು ಅವಳ ಕೈಗಿಟ್ಟ. "ನಾ ಬಿಟ್ಟಾಗಿಂದ ನೀನೂ ಮುಟ್ಟಿಲ್ಲ. ನನಗ ಗೊತ್ತಿಲ್ಲೇನು?"

ನನಗೆ ಮಾತ್ರ ಗೊತ್ತಿರಲಿಲ್ಲ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು, ತಟ್ಟೆ ನೋಡಿದಳು, ಅವನು ಕೊಟ್ಟ ಹೋಳನ್ನು ವಾಪಸಿಟ್ಟು ದೊಡ್ಡದನ್ನು ಎತ್ತಿಕೊಂಡಳು.

"ಸಕ್ರಿ ಇರೋದು ನಿಮಗ, ನನಗಲ್ಲ" ಎಂದಳು.