ಸರ್ವರ್ ಕೆಟ್ಟ ವಾರ

ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಹಾಸನದ ಒಂದು ಖಾಸಗಿ ಲ್ಯಾಬಿನವರು ಕಂಪ್ಯೂಟರ್ ಆಪರೇಟರ್ ಅಂತ ಕೆಲಸಕ್ಕೆ ತೆಗೆದುಕೊಂಡರು. ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿದ್ದ ಕಾಲ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಲ್ಯಾಬಿನ ಒಂದೊಂದು ಕೋಣೆಯ ಸೆಂಟರ್ ಇತ್ತು. ಅಲ್ಲಿ ತೆಗೆದ ರಕ್ತ ಐಸ್ ಡಬ್ಬಿಯಲ್ಲಿ ಬೆಳಗಿನ ಬಸ್ಸಿಗೆ ಹಾಸನಕ್ಕೆ ಬರುತ್ತಿತ್ತು. ಸಂಜೆಯೊಳಗೆ ರಿಪೋರ್ಟು ಇ-ಮೇಲಿನಲ್ಲಿ ಹಿಂದಿರುಗುತ್ತಿತ್ತು. ಮೈಯಿಂದ ತೆಗೆದ ಗಂಟನ್ನು ಪರೀಕ್ಷಿಸುವವರು ಮಾತ್ರ ನಮ್ಮಲ್ಲಿರಲಿಲ್ಲ. ಅಂಥದ್ದನ್ನು ಬೆಂಗಳೂರಿನ ಒಂದು ದೊಡ್ಡ ಲ್ಯಾಬಿಗೆ ಕಳಿಸುತ್ತಿದ್ದೆವು. ಅವರ ರಿಪೋರ್ಟೂ ಇ-ಮೇಲಿನಲ್ಲೇ ಬರಬೇಕು. ಸಹಿ ಹಾಕಿದ ಪ್ರತಿ ಕೊರಿಯರಿನಲ್ಲಿ ಹತ್ತು ಹದಿನೈದು ದಿನಕ್ಕೆ ಕೈಸೇರುವಷ್ಟರಲ್ಲಿ ರೋಗಿಯ ಕಡೆಯವರು ಸೋತು ಸುಣ್ಣವಾಗಿರುತ್ತಿದ್ದರು.

ಇದೆಲ್ಲ ನಡೆಯುತ್ತಿದ್ದದ್ದು ನನ್ನ ಮೇಜಿನ ಕೆಳಗಿದ್ದ ಒಂದು ಡಬ್ಬದಿಂದ. ಅದೇ ನಮ್ಮ ಸರ್ವರ್. ಹೊರಗಿನಿಂದ ಬಂದ ಮೇಲ್ ತೆಗೆದುಕೊಂಡು ಹಂಚುವುದು ಅದರ ಒಂದು ಕೆಲಸ. ಇದ್ದ ಒಂದೇ ಇಂಟರ್ನೆಟ್ ಲೈನನ್ನು ಎಲ್ಲ ಕಂಪ್ಯೂಟರುಗಳಿಗೂ ಕೊಟ್ಟು, ಯಾರಾದರೂ ತೆರೆದ ಪುಟಗಳ ಪ್ರತಿಯನ್ನು ತನ್ನೊಳಗೆ ಇಟ್ಟುಕೊಂಡು, ಮತ್ತೆ ಕೇಳಿದರೆ ಬೇಗ ತೋರಿಸುವುದು ಇನ್ನೊಂದು ಕೆಲಸ. ಅದಕ್ಕೆ ಪ್ರಾಕ್ಸಿ ಅನ್ನುತ್ತಿದ್ದರು. ಅದನ್ನು ಕೂರಿಸಿಕೊಟ್ಟಾತ ಚನ್ನರಾಯಪಟ್ಟಣದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ. ಹೋಗುವಾಗ ನನಗೆ ನಾಲ್ಕಾರು ಕಮ್ಯಾಂಡು ಹೇಳಿಕೊಟ್ಟಿದ್ದ. ಅಷ್ಟಕ್ಕೇ ಆಫೀಸಿನಲ್ಲಿ ನನಗೆ ಸರ್ವರ್ ಮೇಡಂ ಅಂತ ಹೆಸರು ಬಿದ್ದಿತ್ತು.

ಒಂದು ಸೋಮವಾರ ಬೆಳಿಗ್ಗೆ ಮೇಲ್ ಬರುವುದು ನಿಂತುಹೋಯಿತು. ಮಧ್ಯಾಹ್ನಕ್ಕೆ ಯಾವ ಕಂಪ್ಯೂಟರಿನಲ್ಲೂ ಪುಟ ತೆರೆಯಲಿಲ್ಲ. ಭಾನುವಾರ ಕರೆಂಟು ಹೋಗಿ ಬಂದಿತ್ತು, ಅದರದ್ದೇ ಕಿತಾಪತಿ ಇರಬೇಕೆಂದು ಸರ್ವರನ್ನು ಆರಿಸಿ ಮತ್ತೆ ಹಾಕಿದೆ. ವೈರು ಬದಲಿಸಿದೆ. ಲೈನು ಸರಿಯಾಗಿದೆ ಅಂತ ಟೆಲಿಫೋನಿನವರು ಹೇಳಿದರು. ಸರ್ವರ್ ತನ್ನ ದಿನಚರಿ ಬರೆದುಕೊಳ್ಳುವ ಲಾಗ್ ಫೈಲು ತೆರೆದು ನೋಡಿದೆ. ಸಾಲಿಗೆ ಸಾಲು ಒಂದೇ ದೂರು, ಡಿಸ್ಕಿನಲ್ಲಿ ಜಾಗವಿಲ್ಲ ಅಂತ. ಡಿಸ್ಕ್ ಪರೀಕ್ಷಿಸಿದರೆ ಅರ್ಧಕ್ಕರ್ಧ ಖಾಲಿ. ಎರಡರಲ್ಲಿ ಒಂದು ಸುಳ್ಳು ಹೇಳುತ್ತಿತ್ತು. ಯಾವುದು ಅಂತ ನನಗೆ ತಿಳಿಯಲಿಲ್ಲ.

ಆ ದಿನವೇ ಅವರು ಮೊದಲು ಬಂದದ್ದು. ಹಳ್ಳಿಮೈಸೂರಿನ ಹತ್ತಿರ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದವರು, ಐವತ್ತರ ಆಸುಪಾಸು, ರೆಪ್ಪೆಯ ಕೂದಲಲ್ಲೂ ಹಿಟ್ಟಿನ ಬಿಳಿ. ಹೆಂಡತಿಯ ಎದೆಯಲ್ಲಿ ಗಂಟು. ಹೊಳೆನರಸೀಪುರದಲ್ಲಿ ಒಬ್ಬ ಸರ್ಜನ್ ಅದನ್ನು ತೆಗೆದು ನಮ್ಮ ಸೆಂಟರಿಗೆ ಕೊಟ್ಟಿದ್ದರು, ನಾವು ಬೆಂಗಳೂರಿಗೆ ಕಳಿಸಿದ್ದೆವು. ಸೋಮವಾರ ರಿಪೋರ್ಟು ಬರುತ್ತದೆ ಅಂತ ಸೆಂಟರಿನವರು ಹೇಳಿದ್ದನ್ನು ನಂಬಿ ಇವರು ನೇರ ಹಾಸನಕ್ಕೇ ಬಂದಿದ್ದರು. ಸರ್ವರ್ ಕೆಟ್ಟಿದೆ, ನಾಳೆ ಬನ್ನಿ ಅಂದೆ. ತಲೆಯಾಡಿಸಿ ಹೋದರು.

ಬೆಂಗಳೂರಿಗೆ ಫೋನು ಮಾಡಿದೆ. ಕಳಿಸಿಯಾಗಿದೆ ಅಂದರು. ಬಂದಿಲ್ಲ, ಇನ್ನೊಂದು ಸಲ ಕಳಿಸಿ ಅಂದೆ. ಕಳಿಸಿದರು, ಅದೂ ಬರಲಿಲ್ಲ. ಫೋನಿನಲ್ಲೇ ಓದಿಬಿಡಿ ಅಂತ ಬೇಡಿಕೊಂಡೆ. ಇಂಥ ರಿಪೋರ್ಟನ್ನು ಬಾಯಲ್ಲಿ ಹೇಳುವ ಪದ್ಧತಿ ಅವರಲ್ಲಿರಲಿಲ್ಲ. ನಮ್ಮ ಫ್ಯಾಕ್ಸ್ ಮಿಷನ್ನು ಹಿಂದಿನ ತಿಂಗಳ ಸಿಡಿಲಿಗೆ ಸುಟ್ಟಿತ್ತು. ಉಳಿದದ್ದು ಬಸ್ ಸ್ಟ್ಯಾಂಡಿನ ಬಳಿಯ ಸೈಬರ್ ಕೆಫೆ. ಅಲ್ಲಿ ನನ್ನ ಸ್ವಂತ ವಿಳಾಸಕ್ಕೆ ತರಿಸಿಕೊಳ್ಳುತ್ತೇನೆ ಅಂದಾಗ ಲ್ಯಾಬಿನ ಯಜಮಾನರಾದ ಡಾಕ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹಿಂದೆ ಒಂದು ಸಲ ಮದುವೆಯಾಗದ ಹುಡುಗಿಯ ರಿಪೋರ್ಟೊಂದು ಇಂಥದೇ ಕೆಫೆಯ ಪ್ರಿಂಟರಿನಲ್ಲಿ ಉಳಿದುಹೋಗಿ, ಅದು ಊರಿನ ಬಾಯಿಗೆ ಬಿದ್ದು, ಅವಳ ಮನೆಯವರು ಊರನ್ನೇ ಬಿಟ್ಟಿದ್ದರು. ಅದು ನನಗೂ ಗೊತ್ತಿತ್ತು. ಡಾಕ್ಟ್ರು ಬೈಯಲಿಲ್ಲ. ಅದನ್ನು ಬಿಟ್ಟು ಬೇರೇನಾದರೂ ಮಾಡಮ್ಮ ಅಂದರು. ಬೇರೇನು ಅಂತ ಅವರಿಗೂ ಗೊತ್ತಿರಲಿಲ್ಲ.

ಮಂಗಳವಾರ ಗಿರಣಿಯವರು ಮತ್ತೆ ಬಂದರು. ಸರ್ವರ್ ಅಂದರೆ ಯಾವುದು, ಒಂದು ಸಲ ತೋರಿಸಿ ಅಂತ ಕೇಳಿದರು. ಮೇಜಿನ ಕೆಳಗೆ ಕೈ ಮಾಡಿದೆ. ಅವರು ಪಂಚೆ ಒತ್ತಿಹಿಡಿದು ಕುಕ್ಕರುಗಾಲಿನಲ್ಲಿ ಕೂತು ಬಹಳ ಹೊತ್ತು ಅದನ್ನೇ ನೋಡಿದರು.

"ಲೈಟು ಉರೀತಾ ಅದೆ, ಫ್ಯಾನು ತಿರುಗ್ತಾ ಅದೆ," ಅಂದರು. "ಕೆಟ್ಟೋಗದೆ ಅಂತೀಯಲ್ಲವ್ವ. ನಮ್ ಮಿಲ್ಲು ಕೆಟ್ರೆ ಸದ್ದೇ ನಿಂತೋಯ್ತದೆ."

ಹೊರಗೆ ಎಲ್ಲ ಸರಿಯಿದ್ದೂ ಒಳಗೆ ಕೆಟ್ಟಿರಬಹುದು ಅಂತ ಹೇಳಲು ಬಾಯಿ ತೆರೆದವಳು, ಅವರ ಹೆಂಡತಿಯ ನೆನಪಾಗಿ ಕೀಬೋರ್ಡಿನ ಕಡೆ ತಿರುಗಿಕೊಂಡೆ.

ಆಮೇಲೆ ಅವರು ದಿನಾ ಬಂದರು. ಮನೆಯಲ್ಲಿ ಹೆಂಡತಿಗೆ ಮಿಲ್ಲಿನ ಬೆಲ್ಟು ತರಲು ಹೋಗುತ್ತೇನೆಂದು ಹೇಳಿ ಬರುತ್ತಿದ್ದರಂತೆ. ಸೆಂಟರುಗಳಿಂದಲೂ ಫೋನಿನ ಮೇಲೆ ಫೋನು. ಅರಕಲಗೂಡಿನಲ್ಲಿ ಬಸುರಿ ಹೆಂಗಸೊಬ್ಬಳ ರಕ್ತದ ರಿಪೋರ್ಟಿಗೆ ಕಾಯುತ್ತಿದ್ದರು. ಅದನ್ನು ಫೋನಿನಲ್ಲಿ ಓದಿ ಬರೆಸಿದೆ. ನಮ್ಮ ಕೈಯಲ್ಲಿದ್ದ ರಿಪೋರ್ಟುಗಳನ್ನೆಲ್ಲ ಹಾಗೇ ಓದಿ ಓದಿ ಗಂಟಲು ಕಟ್ಟಿತು. ನಮ್ಮ ಕೈಯಲ್ಲಿಲ್ಲದ ಆ ಒಂದನ್ನು ಎಲ್ಲಿಂದ ಓದಲಿ? ಗಿರಣಿಯವರು ಬೆಂಚಿನ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಕೀಬೋರ್ಡಿನ ಮೇಲೆ ಏನೇನೋ ಒತ್ತುತ್ತಿದ್ದೆ. ಎಷ್ಟೋ ಸಲ ಮಾಡಲು ಏನೂ ಉಳಿದಿರುತ್ತಿರಲಿಲ್ಲ, ಆದರೂ ಕೈ ನಿಲ್ಲಿಸಲು ಧೈರ್ಯವಿರಲಿಲ್ಲ.

ಬುಧವಾರ ಹೊರಡುವಾಗ ಅವರು ನನ್ನ ಮೇಜಿನ ಹತ್ತಿರ ಬಂದು ದನಿ ತಗ್ಗಿಸಿದರು. "ಕೆಟ್ಟ ಸುದ್ದಿಯಾದ್ರೂ ಏಳ್ಬುಡವ್ವ. ಮುಚ್ಚಿಕ್ಬ್ಯಾಡ. ನಾನು ತಡ್ಕತೀನಿ."

ಮುಚ್ಚಿಟ್ಟಿಲ್ಲ, ನಿಜವಾಗಿಯೂ ಬಂದಿಲ್ಲ, ದೇವರಾಣೆ ಅಂದೆ. ಆಣೆ ಇಟ್ಟದ್ದೇ ತಪ್ಪಾಯಿತು ಅನ್ನಿಸುತ್ತದೆ. ಆಣೆ ಕೇಳಿದ ಮೇಲೆ ಅವರ ಮುಖದಲ್ಲಿದ್ದ ಕೊನೆಯ ಅನುಮಾನವೂ ಹೋಗಿ, ನಾನು ಮುಚ್ಚಿಡುತ್ತಿದ್ದೇನೆಂದೇ ಅರ್ಥಮಾಡಿಕೊಂಡವರಂತೆ ಕಣ್ಣು ತಗ್ಗಿಸಿದರು. ಆ ಸಂಜೆ ಮನೆಗೆ ಹೋಗಿ ಅಮ್ಮನ ಮುಂದೆ ಅತ್ತೆ. ಏನಾಯಿತು ಅಂತ ಅಮ್ಮ ಕೇಳಿದರೆ ಸರ್ವರ್ ಕೆಟ್ಟಿದೆ ಅಂತಷ್ಟೇ ಹೇಳಿದೆ. ಡಬ್ಬ ಕೆಟ್ಟಿದ್ದಕ್ಕೆ ಯಾರಾದರೂ ಹೀಗೆ ಅಳುತ್ತಾರೆಯೇ ಅಂದರು.

ಮರುದಿನ ಬೆಳಿಗ್ಗೆಯೇ ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ಸರ್ವರ್ ಕೂರಿಸಿದಾತನಿಗೆ ಆವತ್ತು ಪಾಠವಿತ್ತು. ಬಾಗಿಲಲ್ಲೇ ನಿಲ್ಲಿಸಿಕೊಂಡು ಕೇಳಿದ. ಡಿಸ್ಕ್ ತುಂಬಿದೆಯಾ ಅಂದ, ಅರ್ಧ ಖಾಲಿ ಅಂದೆ. ಹಾಗಾದರೆ ಡಿಸ್ಕೇ ಹಾಳಾಗಿದೆ, ಅಳಿಸಿ ಮೊದಲಿಂದ ಹಾಕಬೇಕು, ತಾನು ಭಾನುವಾರ ಬರುತ್ತೇನೆ ಅಂದ. ಭಾನುವಾರದವರೆಗೆ ಆ ಬೆಂಚಿನ ಕಡೆ ನೋಡುತ್ತಾ ಕೂರುವುದು ನನ್ನಿಂದಾಗದು ಅಂದೆ. ಯಾವ ಬೆಂಚು ಅಂತ ಅವನಿಗೆ ತಿಳಿಯಲಿಲ್ಲ. ಒಂದು ಸಿಡಿ ಕೊಟ್ಟು, ನೀವೇ ಹಾಕಿ ನೋಡಿ ಅಂದ. ಹಿಂದಿರುಗುವ ಬಸ್ಸಿನಲ್ಲಿ ಸಿಡಿಯನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡು ಕೂತಿದ್ದೆ. ಅಳಿಸಿ ಹಾಕಿದ ಮೇಲೆ ಅದು ಏಳದೇ ಹೋದರೆ, ನಾಲ್ಕೂ ಊರಿನ ಹಳೆಯ ರಿಪೋರ್ಟುಗಳೆಲ್ಲ ಹೋದಂತೆ. ಏನಾದರಾಗಲಿ ಅಂತ ಗಟ್ಟಿ ಮಾಡಿಕೊಂಡೆ.

ಶುಕ್ರವಾರ ಬೆಳಿಗ್ಗೆ ಅಳಿಸುವ ಮೊದಲು ಹಳೆಯ ಮೇಲುಗಳನ್ನೆಲ್ಲ ಒಂದು ಕಡೆ ಸೇರಿಸೋಣವೆಂದು ಹೊಸ ಫೋಲ್ಡರ್ ಮಾಡಲು ಹೋದೆ. ಜಾಗವಿಲ್ಲ ಅಂದಿತು. ಏನೂ ಬರೆಯದ ಒಂದು ಫೈಲು ಮಾಡಿ ನೋಡಿದೆ. ಜಾಗವಿಲ್ಲ. ಒಂದಕ್ಷರವೂ ಇಲ್ಲದ ಫೈಲಿಗೆ ಜಾಗ ಯಾಕೆ ಬೇಕು? ಇದು ಜಾಗದ ತಕರಾರಲ್ಲ ಅಂತ ಆಗ ಹೊಳೆಯಿತು. ಸರ್ವರಿನೊಳಗೇ ಇದ್ದ ಸಹಾಯದ ಪುಟಗಳನ್ನು ಇಂಗ್ಲಿಷಿನಲ್ಲಿ ತಡವರಿಸುತ್ತ ಓದಿದೆ. ಡಿಸ್ಕಿನಲ್ಲಿ ಎಷ್ಟು ಜಾಗವಿದೆ ಅನ್ನುವುದು ಬೇರೆ, ಎಷ್ಟು ಫೈಲುಗಳಿಗೆ ಅವಕಾಶವಿದೆ ಅನ್ನುವುದು ಬೇರೆ. ಛತ್ರದಲ್ಲಿ ಅರ್ಧ ಕೋಣೆಗಳು ಖಾಲಿಯಿದ್ದರೂ ಬೀಗದ ಕೈ ಮುಗಿದುಹೋದರೆ ಹೊಸಬರನ್ನು ಒಳಗೆ ಬಿಡುವುದು ಹೇಗೆ? ಹಾಗಾಗಿತ್ತು. ಪ್ರಾಕ್ಸಿ ತಾನು ಕಂಡ ಪ್ರತಿಯೊಂದು ಪುಟದ ಪ್ರತಿಯೊಂದು ಚಿತ್ರವನ್ನೂ ಚಿಕ್ಕಚಿಕ್ಕ ಫೈಲು ಮಾಡಿಟ್ಟುಕೊಂಡು, ವರ್ಷಗಟ್ಟಲೆ ಗುಡ್ಡೆ ಹಾಕಿ, ಇದ್ದ ಬೀಗದ ಕೈಗಳನ್ನೆಲ್ಲ ಮುಗಿಸಿತ್ತು. ಬಂದ ಇ-ಮೇಲಿಗೆ ಕೂರಲು ಸ್ಥಳ ಸಿಕ್ಕದೆ ಬಾಗಿಲಿಂದಲೇ ಹೊರಟುಹೋಗುತ್ತಿತ್ತು.

ಪ್ರಾಕ್ಸಿ ನಿಲ್ಲಿಸಿ ಅದರ ಗುಡ್ಡೆಯನ್ನು ಅಳಿಸಲು ಹೇಳಿದೆ. ಅಳಿಸುವುದು ಮುಗಿಯಲೊಲ್ಲದು. ಊಟಕ್ಕೆ ಏಳಲಿಲ್ಲ. ಬೆಂಚಿನ ಮೇಲೆ ಅವರು ಬಂದು ಕೂತಿದ್ದು ಗೊತ್ತಾಯಿತು, ತಿರುಗಿ ನೋಡಲಿಲ್ಲ. ಕರೆಂಟು ಹೋಗದಿರಲಿ ಅಂತ ಮನೆದೇವರಿಗೆ ಹರಕೆ ಹೊತ್ತೆ.

ಮಧ್ಯಾಹ್ನ ಕಳೆದ ಮೇಲೆ ಅಳಿಸುವುದು ಮುಗಿಯಿತು. ಇ-ಮೇಲ್ ಸೇವೆಯನ್ನು ಮತ್ತೆ ಶುರುಮಾಡಿ ಕಾದೆ. ಕಳಿಸಿದವರ ಸರ್ವರುಗಳು ನಾವು ಬಾಗಿಲು ತೆರೆಯುವವರೆಗೆ ಆಗಾಗ ಬಂದು ತಟ್ಟುತ್ತಿರುತ್ತವೆ ಅಂತ ಆಮೇಲೆ ಓದಿ ತಿಳಿದೆ. ಆವತ್ತು ಅದು ಪವಾಡದ ಹಾಗಿತ್ತು. ಮೊದಲು ಒಂದು ಜಾಹೀರಾತು ಬಂತು. ಆಮೇಲೆ ಅರಕಲಗೂಡಿನವರು ಸೂಜಿ ಬೇಕೆಂದು ಕಳಿಸಿದ್ದು. ಆಮೇಲೆ ಬೆಂಗಳೂರಿನದು.

ನಾನು ಅದನ್ನು ತೆರೆದೆ. ತಳದಲ್ಲಿದ್ದ ಒಂದು ಪದ ಸಾಕಾಯಿತು. ಪ್ರಿಂಟು ತೆಗೆದು ಡಾಕ್ಟ್ರ ಕೈಗೆ ಕೊಟ್ಟೆ. ಅವರು ಓದಿ, ಆತನನ್ನು ಒಳಗೆ ಕರೆ ಅಂದರು.

ಡಾಕ್ಟ್ರು ಸುತ್ತುಬಳಸದೆ ಹೇಳಿದರು. ಕ್ಯಾನ್ಸರೇ, ಆದರೆ ಮೈಸೂರಿನಲ್ಲಿ ಚಿಕಿತ್ಸೆಯಿದೆ, ತಡಮಾಡದೆ ಕರೆದುಕೊಂಡು ಹೋಗಿ ಅಂತ. ಗಿರಣಿಯವರು ಅಳಲಿಲ್ಲ.

"ನಂಗೆ ಮೊದ್ಲೇ ಗೊತ್ತಿತ್ತು ಸಾ," ಅಂದರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದರು. "ನೀನು ಒಳ್ಳೇಳು ಕಣವ್ವ. ಸುದ್ದಿನ ಇಷ್ಟು ದಿನ ತಡ್ದು ಮಡೀಕಂಡಿದ್ದೆ. ಅಷ್ಟು ದಿನನಾದ್ರೂ ಅವ್ಳು ನೆಮ್ಮದಿಯಾಗಿ ಉಂಡ್ಲು."

ಇಲ್ಲ, ಸರ್ವರ್ ನಿಜವಾಗಿಯೂ ಕೆಟ್ಟಿತ್ತು ಅಂತ ಹೇಳಲು ಹೊರಟೆ. ಡಾಕ್ಟ್ರು ನನ್ನನ್ನು ನೋಡಿ ಬೇಡವೆಂದು ತಲೆಯಾಡಿಸಿದರು. ಗಿರಣಿಯವರು ಕೈಮುಗಿದು ಹೋದರು. ಸಂಕಟದಲ್ಲಿ ತೊಳಲಾಡಿ ಏನೂ ಮಾಡಲಾಗದೆ ಕೂತಿದ್ದ ಆ ವಾರವನ್ನು ಅವರು ನನ್ನ ದಯೆ ಅಂತ ತೆಗೆದುಕೊಂಡು ಹೋದರು. ಆ ನಮಸ್ಕಾರವನ್ನು ಎಲ್ಲಿ ಇಡಬೇಕೆಂದು ನನಗೆ ಗೊತ್ತಾಗಲಿಲ್ಲ.

ಕೆಲವು ತಿಂಗಳಾದ ಮೇಲೆ ಗಂಡ ಹೆಂಡತಿ ಇಬ್ಬರೂ ಜೊತೆಯಾಗಿ ಬಂದರು. ಮೈಸೂರಿನ ಚಿಕಿತ್ಸೆಯ ನಡುವೆ ರಕ್ತದ ಎಣಿಕೆ ನೋಡಬೇಕಿತ್ತು. ಹೊಳೆನರಸೀಪುರದ ಸೆಂಟರಿನಲ್ಲೇ ಕೊಡಬಹುದಿತ್ತು, ಹಾಸನಕ್ಕೇ ಹೋಗೋಣ ಅಂತ ಅವರೇ ಹಟಮಾಡಿ ಕರೆತಂದರಂತೆ. ಆಕೆ ತಲೆಗೆ ಸೆರಗು ಬಿಗಿದುಕೊಂಡಿದ್ದರು. ತೋಳಿನಿಂದ ರಕ್ತ ತೆಗೆಯುವಾಗ ಮುಖ ಕಿವುಚಲೂ ಇಲ್ಲ. ಗಂಡ ಕಾಫಿ ತರಲು ಹೋದಾಗ ನನ್ನ ಹತ್ತಿರ ಬಂದು ಕೂತು, ಆ ವಾರ ಮಿಷನ್ನು ನಿಜವಾಗಿಯೂ ಕೆಟ್ಟಿತ್ತೇ ಅಂತ ಕೇಳಿದರು. ಹೌದು ಅಂದೆ.

"ನೀನು ಮುಚ್ಚಿಟ್ಟಿದ್ದೆ ಅಂತ ಇವ್ರು ಆಮ್ಯಾಕೆ ಅಂದ್ರು, ನಾನು ಕೆಟ್ಟೇ ಇರ್ಬೇಕು ಅನ್ಕಂಡೆ," ಅಂದರು ಆಕೆ. "ದಿನಾ ಬೆಲ್ಟು ತರಕ್ಕೋಗಿ ಬರೀಗೈಲಿ ಬರೋರು. ಎಲ್ಲಿಗೋಯ್ತಾರೆ ಅಂತ ಗೊತ್ತಿತ್ತು, ನಾನೂ ಕೇಳ್ನಿಲ್ಲ. ಉಂಡಂಗೆ ಮಾಡ್ತಿದ್ದೆ, ಮಲಗ್ದಂಗೆ ಮಾಡ್ತಿದ್ದೆ."

ಗಂಡ ಕಾಫಿ ಹಿಡಿದು ಬಂದರು. ಆಕೆ ಮಾತು ನಿಲ್ಲಿಸಿ ಲೋಟ ತೆಗೆದುಕೊಂಡರು.

ಅದಾದ ಮೇಲೆ ಎರಡು ಮೂರು ಸಲ ಬಂದಿರಬೇಕು. ಆಮೇಲೆ ನನಗೆ ಮದುವೆಯಾಗಿ ಅರಕಲಗೂಡಿಗೆ ಬಂದೆ, ಲ್ಯಾಬಿನ ಕೆಲಸ ಬಿಟ್ಟೆ. ಹಳ್ಳಿಮೈಸೂರಿನ ಕಡೆಯವರು ಯಾರಾದರೂ ಸಿಕ್ಕಾಗ ಆ ಮಿಲ್ಲಿನವರ ಮನೆಯ ವಿಷಯ ಕೇಳಬೇಕು ಅನ್ನಿಸುತ್ತದೆ. ಇವತ್ತಿನವರೆಗೂ ಕೇಳಿಲ್ಲ.