ಒಂದು ಗೇಣಿನ ರೋಡ್ ರೋಲರ್

ಹೋದ ಭಾನುವಾರ ನಾನು ಹೊಚ್ಚ ಹೊಸ ರೋಡ್ ರೋಲರ್ ಒಂದನ್ನು ಹಾಳು ಮಾಡಿದೆ. ಮೈಗೆ ತುಕ್ಕು ಹಿಡಿಸಿದೆ. ಚಿಮಣಿಗೆ ಮಸಿ ಬಳಿದೆ. ಮೇಲಿನ ಮಾಡಿನ ಮೂಲೆಯನ್ನು ಸುತ್ತಿಗೆಯಿಂದ ಜಜ್ಜಿದೆ.

ಗಾಬರಿಯಾಗಬೇಡಿ. ಅದರ ಉದ್ದ ಒಂದು ಗೇಣು. ಮಾಡಿದವನೂ ನಾನೇ.

ಹಳೆಯ ಓದುಗರಿಗೆ ನನ್ನ ಹುಚ್ಚು ಗೊತ್ತು. ಹೊಸಬರಿಗೆ ಹೇಳಿಬಿಡುತ್ತೇನೆ. ವಾರದ ದಿನಗಳಲ್ಲಿ ನಾನು ಮುಂಬಯಿಯ ಫೋರ್ಟಿನ ಒಂದು ಕಟ್ಟಡ ಕಂಪನಿಯಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ರಜೆಯ ದಿನ ಸಯನ್ನಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ಕಾರ್ಖಾನೆಯ ಮಾಲೀಕ. ಬಿಸ್ಕತ್ ಡಬ್ಬದ ತಗಡು, ಮುರಿದ ಕೊಡೆಯ ಕಡ್ಡಿ, ದಾರ ಮುಗಿದ ಮರದ ರೀಲು, ಇಷ್ಟು ಸಿಕ್ಕರೆ ಸಾಕು, ಕ್ರೇನ್ ಎಬ್ಬಿಸುತ್ತೇನೆ, ಕಾಂಕ್ರೀಟ್ ಮಿಕ್ಸರ್ ತಿರುಗಿಸುತ್ತೇನೆ. (ಅದರಲ್ಲಿ ಒಮ್ಮೆ ರಾಗಿಹಿಟ್ಟು ಕಲಸಿ ನೋಡಿದ್ದುಂಟು. ಆ ವಿಷಯ ನಮ್ಮ ಮನೆಯಲ್ಲಿ ಎತ್ತುವ ಹಾಗಿಲ್ಲ.)

"ಬೇರೆಯವರ ಗಂಡಂದಿರು ಭಾನುವಾರ ಹೆಂಡತೀನ ಸಿನಿಮಾಕ್ಕೆ ಕರ್ಕೊಂಡು ಹೋಗ್ತಾರೆ. ನೀವು ನನ್ನ ಡಬ್ಬ ಕತ್ತರಿಸ್ತೀರಿ" ಎನ್ನುತ್ತಾಳೆ ನನ್ನ ಹೆಂಡತಿ ಶಾರದ.

ನಾನು ಮುಂದಿನ ಡಬ್ಬಕ್ಕೆ ಕೈ ಹಾಕುತ್ತೇನೆ.

ಮಳೆಗಾಲ ಮುಗಿಯುತ್ತಲೇ ನಮ್ಮ ಬಿಲ್ಡಿಂಗಿನ ಮುಂದಿನ ರಸ್ತೆಗೆ ಡಾಂಬರು ಹಾಕಲು ಶುರುಮಾಡಿದರು. ಜೊತೆಗೆ ಒಂದು ಹಳೇ ಸ್ಟೀಮ್ ರೋಲರ್ ಬಂತು. ಕಲ್ಲಿದ್ದಲು ತಿಂದು, ನೀರು ಕುಡಿದು, ಉಸ್ಸೆಂದು ಉಸಿರು ಬಿಟ್ಟು, ಮುಂದಕ್ಕೆ ಹತ್ತು ಹೆಜ್ಜೆ, ಹಿಂದಕ್ಕೆ ಹತ್ತು ಹೆಜ್ಜೆ. ಅವಸರವೇ ಇಲ್ಲ. ಇಡೀ ಮುಂಬಯಿಯಲ್ಲಿ ಅವಸರವಿಲ್ಲದ ಜೀವ ಅದೊಂದೇ ಇರಬೇಕು. ಕಿಟಕಿಯಲ್ಲಿ ನಿಂತು ಅದನ್ನೇ ನೋಡುತ್ತಿದ್ದರೆ ಮೈಮರೆವು. ದಿನವೂ ಹಿಡಿಯುವ ಲೋಕಲ್ ರೈಲು ಎಷ್ಟು ಸಲ ತಪ್ಪಿತೋ!

ಎರಡು ತಿಂಗಳು ಕೂತು ಅದರ ಮಾಡೆಲ್ ಮಾಡಿದೆ. ಚಕ್ರ ತಿರುಗುತ್ತಿತ್ತು. ಸ್ಟೀರಿಂಗಿನ ಸರಪಳಿ ಕೂಡ ಎಳೆಯುತ್ತಿತ್ತು. ಹಸಿರು ಎನಾಮಲ್ ಬಣ್ಣ, ಚಕ್ರಗಳಿಗೆ ಕೆಂಪು. ಫಳಫಳ. ಒಂದು ಮಧ್ಯಾಹ್ನ ಅದನ್ನು ಎತ್ತಿಕೊಂಡು ಕೆಳಗಿಳಿದೆ. ಡ್ರೈವರ್ ಬಸಪ್ಪನವರು ರೋಲರಿನ ನೆರಳಲ್ಲಿ ರೊಟ್ಟಿ ತಿಂದು ಮುಗಿಸಿದ್ದರು. ವಿಜಾಪುರದ ಕಡೆಯವರು, ಐವತ್ತು ದಾಟಿದ ಮನುಷ್ಯ. ಕೈಯನ್ನು ಧೋತರಕ್ಕೆ ಒರೆಸಿಕೊಂಡು ಮಾಡೆಲನ್ನು ಇಸಿದುಕೊಂಡರು. ತಿರುಗಿಸಿ ತಿರುಗಿಸಿ ನೋಡಿದರು.

"ಭಾಳ ಚಂದ ಮಾಡೀರಿ ಸಾಹೇಬ್ರ. ಖರೇ ಹೇಳ್ಲೇನ್ರಿ?"

"ಹೇಳಿ."

"ಇದು ನನ್ನ ಗಾಡಿ ಅಲ್ರಿ. ನನ್ನ ಗಾಡಿ ದುಡದೈತಿ. ಇದು ಮದುವಿಗಿ ನಿಂತ ಹುಡುಗಿ ಇದ್ಹಾಂಗ ಐತಿ."

ಮುಖ ಸಣ್ಣಗಾಯಿತು, ಸುಳ್ಳೇಕೆ ಹೇಳಲಿ? "ಹಾಗಾದ್ರೆ ತುಕ್ಕು ಬಳೀಲಾ?" ಎಂದು ಸ್ವಲ್ಪ ಬಿರುಸಾಗಿಯೇ ಕೇಳಿದೆ.

ಬಸಪ್ಪ ನಕ್ಕರು. ನನ್ನ ಕೈ ಹಿಡಿದು ರೋಲರಿನ ಮೇಲೆ ಇರಿಸಿದರು. "ತುಕ್ಕು ಎಲ್ಲಾ ಕಡಿ ಬರೂದಿಲ್ರಿ. ನೀರು ನಿಂತಲ್ಲಿ ಬರ್ತೈತಿ. ಕೈ ಆಡಿದಲ್ಲಿ ಬರೂದಿಲ್ಲ. ಅಲ್ಲಿ ಬಣ್ಣ ಹೋಗಿ ಕಬ್ಬಿಣ ಹೊಳೀತೈತಿ. ಈ ಹ್ಯಾಂಡಲ್ ನೋಡ್ರಿ. ಇದು ಬೆಳ್ಳಿ ಅಲ್ಲ, ನನ್ನ ಹನ್ನೊಂದು ವರ್ಷ."

ನೋಡಿದೆ. ಡ್ರೈವರ್ ನಿಲ್ಲುವ ತಗಡಿನಲ್ಲಿ ಬಲಗಾಲಿನ ಜಾಗ ಸವೆದು ತಗ್ಗಾಗಿತ್ತು. ಮಾಡಿನ ಮೂಲೆ ಬೈಕುಲ್ಲಾದಲ್ಲಿ ಮರದ ಟೊಂಗೆ ಬಡಿದು ಜಜ್ಜಿಹೋಗಿತ್ತಂತೆ. ಎರಡು ತಿಂಗಳು ನೋಡಿದ್ದೆನಲ್ಲ, ಇದೆಲ್ಲ ಎಲ್ಲಿತ್ತು?

ಹೀಗಾಗಿ ಹೋದ ಭಾನುವಾರದ ಆ ಹಾಳುಮಾಡುವ ಕೆಲಸ. ಉಪ್ಪುನೀರಿನಲ್ಲಿ ನೆನೆಸಿಟ್ಟಿದ್ದ ಹಳೇ ಮೊಳೆಗಳ ತುಕ್ಕನ್ನು ಕೆರೆದು ಗೋಂದಿನಲ್ಲಿ ಕಲಸಿದೆ. ಇಟ್ಟಿಗೆಪುಡಿ ಧೂಳಾಯಿತು. ದೀಪದ ಮಸಿಗೆ ಎಣ್ಣೆ ಬೆರೆಸಿ ಅಚ್ಚಿನ ಸುತ್ತ ಜಿಡ್ಡು ಮಾಡಿದೆ. ಬಾಯ್ಲರಿನ ಮೇಲೆ ನೀರು ಹರಿದ ಗುರುತಿಗೆ ಕಾಫಿ ಡಿಕಾಕ್ಷನ್.

"ಅಯ್ಯೋ, ನಾಳೆ ಬೆಳಗಿನ ಡಿಕಾಕ್ಷನ್!" ಎಂದು ಓಡಿಬಂದ ಶಾರದ ಬೈಯುವುದನ್ನು ಅರ್ಧಕ್ಕೇ ನಿಲ್ಲಿಸಿದಳು. ಬಗ್ಗಿ ನೋಡಿದಳು. "ಆ ಡ್ರೈವರ ಊಟದ ಗಂಟು ಎಲ್ಲಿ?"

"ಯಾವ ಗಂಟು?"

"ಎಡಗಡೆ ಕೊಕ್ಕೆಗೆ ತಗುಲಿಸ್ತಾರಲ್ಲ. ಹತ್ತೋದಕ್ಕೆ ಮುಂಚೆ ಒಂದ್ಸಲ ಮುಟ್ಟಿ ನೋಡ್ಕೋತಾರೆ. ನೀವು ನೋಡೇ ಇಲ್ವಾ?"

ನಾನು ಆಫೀಸಿಗೆ ಹೋದ ಮೇಲೆ ಆ ಕಿಟಕಿಯಲ್ಲಿ ನಿಲ್ಲುವವರು ಬೇರೆ ಯಾರು? ನನಗೆ ಹೊಳೆದೇ ಇರಲಿಲ್ಲ.

ಹಳೇ ಸೀರೆಯ ಅಂಚಿನಿಂದ ಹುಣಸೆಬೀಜದಷ್ಟು ಗಂಟನ್ನು ಅವಳು ಹೊಲಿದಳು. ನಾನು ಸೂಜಿಯ ಮೊನೆಯಿಂದ ಬಣ್ಣ ಕೆತ್ತುತ್ತಿದ್ದೆ. ಬಿಸಿಲು ನೆಲದ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ದೂರದಲ್ಲಿ ಯಾವುದೋ ಲೋಕಲ್ ಬಂದು ಯಾವುದೋ ಲೋಕಲ್ ಹೋಯಿತು. ನಾವಿಬ್ಬರೂ ಬೆರಳುದ್ದದವರಾಗಿ ಆ ರೋಲರ್ ಹತ್ತಿ ಎತ್ತಲೋ ಹೊರಟ ಹಾಗಿತ್ತು. ಮದುವೆಯಾದ ಈ ಒಂಬತ್ತು ವರ್ಷದಲ್ಲಿ ಅಂಥ ಮಧ್ಯಾಹ್ನ ನಮಗೆ ಸಿಕ್ಕಿರಲಿಲ್ಲ.

ಸೋಮವಾರ ಮಾಡೆಲ್ ಹಿಡಿದು ಇಳಿದರೆ ರಸ್ತೆ ಖಾಲಿ. ಕೆಲಸ ಮುಗಿದಿತ್ತು. ಗಾಡಿ ಕುರ್ಲಾದ ಯಾರ್ಡಿಗೆ ಹೋಯಿತು ಎಂದ ಅಲ್ಲಿ ಉಳಿದಿದ್ದ ಕೂಲಿಯವನು.

ನಿನ್ನೆ ಶನಿವಾರ, ಅರ್ಧ ದಿನದ ಆಫೀಸು. ಮಾಡೆಲನ್ನು ಟವೆಲಿನಲ್ಲಿ ಸುತ್ತಿಕೊಂಡು ಕುರ್ಲಾದಲ್ಲಿ ಇಳಿದೆ. ಯಾರ್ಡಿನ ಮೂಲೆಯಲ್ಲಿ ರೋಲರ್ ಇತ್ತು. ಚಿಮಣಿ ಆಗಲೇ ಬಿಚ್ಚಿದ್ದರು. ಒಂದು ಚಕ್ರವೂ ಇರಲಿಲ್ಲ. ಗುಜರಿಗಂತೆ. ಬಸಪ್ಪ ಪಕ್ಕದಲ್ಲೊಂದು ಹೊಸ ಹಳದಿ ಡೀಸೆಲ್ ರೋಲರನ್ನು ಒರೆಸುತ್ತಿದ್ದರು.

"ಇದನ್ನ ಕಲೀ ಅಂದಾರ್ರಿ. ಬೆಂಕಿ ಇಲ್ಲ, ನೀರಿಲ್ಲ. ಇದರ ಜೋಡಿ ಏನಂತ ಮಾತಾಡ್ಲಿ?"

ಟವೆಲ್ ಬಿಚ್ಚಿ ಕೊಟ್ಟೆ. ಅವರ ಬೆರಳು ಮೊದಲು ಜಜ್ಜಿದ ಮೂಲೆಗೆ ಹೋಯಿತು. ಆಮೇಲೆ ಕೊಕ್ಕೆಯ ಗಂಟಿನ ಹತ್ತಿರ ನಿಂತಿತು.

"ಇದನ್ಯಾರು ಹೊಲದ್ರಿ?"

"ನನ್ನ ಹೆಂಡತಿ. ಮೇಲಿಂದ ದಿನಾ ನೋಡ್ತಿದ್ಲಂತೆ."

ಬಸಪ್ಪ ಗಂಟನ್ನು ಒಮ್ಮೆ ಮುಟ್ಟಿ ನೋಡಿದರು. "ಮಂದಿ ಎಲ್ಲಾರೂ ಗಾಡಿ ನೋಡ್ತಿದ್ರು ಸಾಹೇಬ್ರ" ಎಂದರು. "ನನ್ನ ಗಂಟು ನೋಡಿದವ್ರು ಯಾರೂ ಇದ್ದಿಲ್ಲ."

ಆಮೇಲೆ ಕಣ್ಣು ಕಿರಿದು ಮಾಡಿ, "ಒಂದು ತಪ್ಪೈತ್ರಿ" ಎಂದರು. ಹ್ಯಾಂಡಲ್! ಅದನ್ನು ನಾನು ಸಾಕಷ್ಟು ಸವೆಸಿರಲಿಲ್ಲ. ಅವರು ಅಲ್ಲೇ ಕೂತು, ಕಡ್ಡಿಯಷ್ಟು ಸಣ್ಣ ಆ ಹ್ಯಾಂಡಲನ್ನು ತಮ್ಮ ದೊಡ್ಡ ಹೆಬ್ಬೆರಳಿನಿಂದ ಉಜ್ಜತೊಡಗಿದರು. ಮರಳು ಮುಟ್ಟಿಸಿ ಉಜ್ಜಿದರು, ಉಗುಳು ಹಚ್ಚಿ ಉಜ್ಜಿದರು. ನಾನು ನಿಂತು ನೋಡುತ್ತಿದ್ದೆ. ಬಣ್ಣ ಹೋಗಿ ತಗಡು ಮಿಂಚಿತು.

"ನೀವೇ ಇಟ್ಕೊಳ್ಳಿ" ಎಂದೆ. ಎರಡು ತಿಂಗಳ ಕೆಲಸ. ಆದರೂ ಹೇಳಿದೆ.

"ಬ್ಯಾಡ್ರಿ. ಒಂದು ಖೋಲ್ಯಾಗ ಎಂಟು ಮಂದಿ ಅದೀವಿ, ಎಲ್ಲಿ ಇಡ್ಲಿ? ನಿಮ್ಮ ಮನ್ಯಾಗ ಇರ್ಲಿ. ರಸ್ತಾದ ಕಡಿ ಮುಖ ಮಾಡಿ ಇಡ್ರಿ."

ಹಾಗೇ ಇಟ್ಟಿದ್ದೇವೆ.

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಕಾಮತರು ಕಾಫಿಗೆ ಬಂದಿದ್ದರು. ಕಿಟಕಿಯಿಂದ ಕೆಳಗೆ ನೋಡಿ, "ಎಂಥಾ ರೋಡು ಮಾರಾಯ್ರೆ, ಬೆಣ್ಣೆ ಹಾಗೆ ಉಂಟು!" ಎಂದು ಕಂಟ್ರಾಕ್ಟರನ ಹೆಸರು ಹೇಳಿ ಹೊಗಳಿದರು. ಆ ಹೆಸರು ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರಿಗೂ ಗೊತ್ತು.

ನಿಮ್ಮ ಮನೆಯ ಮುಂದಿನ ರಸ್ತೆಯನ್ನು ಒತ್ತಿ ನುಣುಪು ಮಾಡಿದವರ ಹೆಸರೇನು?